ಮೂವತ್ತೈದು ಅಂಕದ ಮಂತ್ರ

ಪ್ರವೀಣಕುಮಾರನನ್ನು ನಾನು ಮೊದಲು ನೋಡಿದ್ದೇ ಸಿಟ್ಟಿನಲ್ಲಿ.

ಹೂವಿನಹಡಗಲಿ ಹತ್ತಿರದ ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರು. ಅವತ್ತು ಸಂಜೆ ಸ್ಪೆಷಲ್ ಕ್ಲಾಸಿಗೆ ಹೋದರೆ ಬರೀ ಬೆಂಚುಗಳಿದ್ದವು. ನನ್ನ ಹತ್ತನೇ ಕ್ಲಾಸಿನ ಮಕ್ಕಳೆಲ್ಲ ಬೇವಿನ ಮರದ ಕೆಳಗೆ ಬಾಯಿ ಬಿಟ್ಟುಕೊಂಡು ಕೂತಿದ್ದರು. ಆ ವಾರವಷ್ಟೇ ಬಂದಿದ್ದ ಇಂಗ್ಲಿಷಿನ ಅತಿಥಿ ಶಿಕ್ಷಕ ಪ್ರವೀಣ, ಕೋಟೆ-ಡ್ರ್ಯಾಗನ್ನುಗಳ ದಪ್ಪನೆಯ ಮಾಯಾಲೋಕದ ಕಾದಂಬರಿಯೊಂದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದ.

"ಸರ್, ಇದು ನನ್ನ ಪಿರಿಯಡ್ಡು."

"ಗೊತ್ತೈತ್ರಿ ಮೇಡಂ. ಡ್ರ್ಯಾಗನ್ ಬಂದು ಕ್ವಾಟಿ ಮ್ಯಾಲ ಕುಂತೈತಿ. ಅದನ್ನ ಇಳಿಸಿ ಕಳಸ್ತೀನಿ, ಎರಡ ನಿಮಿಷ."

ಮಕ್ಕಳು ಕಿಸಕ್ಕನೆ ನಕ್ಕರು. ಅವನು ಪುಸ್ತಕದ ಮೇಲಿಂದ ಕಣ್ಣೆತ್ತಿ ನೋಡಿದ, ನಗು ತಡೆಯಲು ತುಟಿ ಕಚ್ಚಿಕೊಂಡಿದ್ದ. ಕಣ್ಣು ಚೆಂದವಿದ್ದವು. ಅದಕ್ಕೇ ಮೈ ಇನ್ನಷ್ಟು ಉರಿಯಿತು.

ಉರಿಯದೆ ಏನು? ಎಸ್ಸೆಸ್ಸೆಲ್ಸಿ ಹತ್ತಿರ ಬಂತೆಂದರೆ ಓದಿನಲ್ಲಿ ಹಿಂದಿರುವ ಮಕ್ಕಳನ್ನು ನಾವು ದತ್ತು ತೆಗೆದುಕೊಳ್ಳಬೇಕು. ಬೆಳಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸಬೇಕು, 'ಪಾಸಿಂಗ್ ಪ್ಯಾಕೇಜ್' ಬಾಯಿಪಾಠ ಮಾಡಿಸಬೇಕು. ಮೂವತ್ತೈದು ಅಂಕಕ್ಕೆ ಬೇಕಾದಷ್ಟೇ ಪಾಠ, ಮಿಕ್ಕಿದ್ದು ಅವರಿಗಲ್ಲ. ನನ್ನ ಪಾಲಿಗೆ ಬಂದ ಅಫ್ರೀನ್ ಫೋನೂ ಎತ್ತುತ್ತಿರಲಿಲ್ಲ, ಬೆಳಗಿನ ಕ್ಲಾಸಿನಲ್ಲಿ ತೂಕಡಿಸುತ್ತಿದ್ದಳು.

ಮರುದಿನ ಅದೇ ಅಫ್ರೀನ್ ಎದ್ದು ನಿಂತಳು.

"ಮಿಸ್, ಸರ್ ಹೇಳೋ ಕಥ್ಯಾಗ ಗುರು ಕ್ವಾಟಿ ಮಕ್ಕಳಿಗೆ ಬಾಗ್ಲಾ ತೆಗಿಯೋ ಮಂತ್ರ ಕಲಸ್ತಾನ. ಊರ ಮಕ್ಕಳಿಗೆ ಮುಚ್ಚೋ ಮಂತ್ರ ಅಷ್ಟ. ಜೀವ ಉಳಿಸ್ಕೊಳ್ಳಾಕ ಅಷ್ಟ ಸಾಕಂತಾನ. ಪ್ಯಾಕೇಜ್ ಅಂದ್ರೂ ಹಂಗ ಏನ್ರಿ?"

ಪಾಠ ಮುಗಿದದ್ದೇ ತಡ, ಸ್ಟಾಫ್ ರೂಮಿಗೆ ಹೋಗಿ ಅವನ ಮುಂದೆ ನಿಂತೆ.

"ಮಕ್ಕಳ ತಲಿಗೆ ಏನ್ ತುಂಬಾಕತ್ತೀರಿ ನೀವು?"

"ನಾ ಕಥಿ ಓದಿದೆ ಅಷ್ಟರಿ. ಹೋಲಿಸಿ ನೋಡಿದಾಕಿ ಆಕಿ."

"ಐದಕ್ಕ ಫೋನ್ ಮಾಡಿದ್ರ ಎತ್ತಂಗಿಲ್ಲ. ಗುರು ಹೆಂಗಿರ್ಬೇಕಂತ ನನಗ ಹೇಳ್ತಾಳ!"

"ಐದಕ್ಕ ಆಕಿ ಅವರಮ್ಮನ ಜೋಡಿ ತ್ವಾಟದಾಗ ಮಲ್ಲಿಗಿ ಮೊಗ್ಗು ಬಿಡಸ್ತಿರ್ತಾಳ್ರಿ. ನೀವು ಎಬ್ಬಸೋದ್ರಾಗ ಆಕಿ ಎದ್ದು ಎರಡು ತಾಸಾಗಿರ್ತೈತಿ."

ಈ ಸಲ ಅವನು ನಗಲಿಲ್ಲ.

ಸಿಟ್ಟೇನೂ ಇಳಿಯಲಿಲ್ಲ, ದಿಕ್ಕು ಬದಲಿಸಿತು ಅಷ್ಟೆ. ನಿದ್ದೆಗೆಟ್ಟ ಹುಡುಗಿಗೆ ದಡ್ಡಿ ಎಂದು ಹಣೆಪಟ್ಟಿ ಕಟ್ಟಿ, ಅರ್ಧ ಪಾಠವನ್ನೇ ಕಿತ್ತುಕೊಳ್ಳುವುದೂ ಒಂದು ಕಲಿಸುವಿಕೆಯೇ? ಬಿಸಿಯೂಟ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು, ಪ್ಯಾಕೇಜಿನಲ್ಲಿ ಇಲ್ಲದ ತ್ರಿಕೋನಮಿತಿ ಹೇಳಿಕೊಟ್ಟೆ. ಅವಳು ಲೆಕ್ಕ ಬಿಡಿಸಿ, "ಇನ್ನೊಂದು ಕೊಡ್ರಿ ಮಿಸ್" ಅಂದಳು. ಕಿಟಕಿಯಾಚೆ ನಿಂತು ಪ್ರವೀಣ ನೋಡುತ್ತಿದ್ದ. ನಾನು ನೋಡದವಳಂತೆ ಬೋರ್ಡಿನ ಕಡೆ ತಿರುಗಿದೆ, ಕೈಯಲ್ಲಿದ್ದ ಚಾಕ್‌ಪೀಸ್ ಮುರಿಯಿತು.

ಆಮೇಲೆ ಬೇವಿನ ಮರದ ಕೆಳಗೆ ನಾನೂ ಕೂರತೊಡಗಿದೆ.

"ಡ್ರ್ಯಾಗನ್‌ಗೆ ಅಂಜಂಗಿಲ್ಲೇನ್ರಿ ಮೇಡಂ?"

"ನಿಮಗ ಅಂಜಿಲ್ಲ, ಅದಕ್ಯಾಕ ಅಂಜಲಿ?"

ಅವನ ಕಿವಿ ಕೆಂಪಾದವು. ಅಷ್ಟು ಚೆಂದ ಕೆಂಪಾಗುವ ಕಿವಿಗಳನ್ನು ನಾನು ನೋಡಿರಲಿಲ್ಲ.

ಕೆಲವು ವಾರ ಕಳೆದು ಒಂದು ಶನಿವಾರ ಹೆಡ್‌ಮಾಸ್ಟರ್ ಕರಿಸಿದ್ದಪ್ಪ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ ಅವನಿಗೆ ಹೇಳಿದರು: "ಸೋಮವಾರದಿಂದ ಬರಬ್ಯಾಡ್ರಿ. ನನಗ ನೂರಕ್ಕ ನೂರು ರಿಸಲ್ಟ್ ಬೇಕು, ಕಥಿ ಬ್ಯಾಡ."

ಅವನು "ಆಗ್ಲಿ ಸರ್" ಎಂದು ಬ್ಯಾಗು ತೆಗೆದುಕೊಂಡ. ನನಗೆ ತಡೆಯಲಾಗಲಿಲ್ಲ.

"ರಿಸಲ್ಟ್ ಮಕ್ಕಳಿಗೇನ್ರಿ, ನಿಮ್ಮ ಗ್ವಾಡಿ ಮ್ಯಾಲಿನ ರಿಸಲ್ಟ್ ಬೋರ್ಡಿಗೇನ್ರಿ? ಈ ಮಕ್ಕಳಿಗೆ ಇಷ್ಟ ಸಾಕಂತ ಅಳತಿ ಮಾಡಿದವರು ಯಾರು? ಅಫ್ರೀನ್ ಇಡೀ ಪುಸ್ತಕ ಕಲೀತಾಳ, ನಾನು ಕಲಸ್ತೀನಿ. ಯಾಕ ಅಂತ ಕೇಳೋದನ್ನ ಆಕಿಗೆ ಕಲಿಸಿದ್ದು ಈ ಸರ್. ಅವರನ್ನ ಹೊರಗ ಹಾಕ್ತೀರಿ!"

"ಸುಮಲತಾ ಮೇಡಂ, ನೀವ್ಯಾಕ್ರಿ ಇಷ್ಟು ಹಾರಾಡ್ತೀರಿ? ಅವರು ನಿಮಗ ಏನಾಗ್ಬೇಕು?"

"ಇನ್ನೂ ಏನೂ ಆಗಿಲ್ಲರಿ. ಅವರು ಒಪ್ಪಿದ್ರ ಗಂಡ ಆಗ್ತಾರ."

ಕರಿಸಿದ್ದಪ್ಪ ಕನ್ನಡಕ ತೆಗೆದು ಒರೆಸಿದರು. "ಹುಡುಗಿಗೆ ಏನರ ಕಲಸ್ಕೋರಿ. ಇವರನ್ನ ಇಟ್ಕೊಳ್ಳಾಕ ಮಾತ್ರ ಆಗಂಗಿಲ್ಲ" ಎಂದು ಎದ್ದು ಹೋದರು.

ಪ್ರವೀಣ ಬಸ್‌ಸ್ಟಾಪಿನಲ್ಲಿ ತನ್ನ ಊರಾದ ಕೊಟ್ಟೂರಿನ ಬಸ್ಸಿಗೆ ಕಾಯುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ.

"ಸುಮಲತಾ," ಮೊದಲ ಸಲ ಹೆಸರು ಹಿಡಿದು ಕರೆದ. "ಅಲ್ಲಿ ಹೇಳಿದ್ದು ಸಿಟ್ಟಿನ್ಯಾಗ ಏನ್ರಿ?"

"ಹೌದ್ರಿ. ನಾ ಸಿಟ್ಟಿನ್ಯಾಗ ಸುಳ್ಳು ಹೇಳಂಗಿಲ್ಲ."

ಅವನ ಕಣ್ಣು ತುಂಬಿದವು. "ನನಗೂ ಅದ ಮನಸಿನ್ಯಾಗಿತ್ರಿ. ಆದ್ರ ಈಗ ಕೆಲಸನೂ ಇಲ್ಲ. ನಿಮ್ಮಪ್ಪಾರ ಮುಂದ ಯಾವ ಮಾರಿ ಇಟ್ಕೊಂಡು ಬರ್ಲಿ?"

"ಇದ್ದ ಮಾರಿ ಇಟ್ಕೊಂಡು ಬರ್ರಿ," ಅಂದೆ. "ಸೋಮವಾರ ಹೆಂಗೂ ಖಾಲಿ ಅದೀರಲ್ಲ."