ಪಕ್ಕದ ಮೇಜಿನ ಬಾಣ

"ಇಬ್ಬರೂ ಪೆನ್ ಕೆಳಗಿಡಿ!"

ನಕ್ಷೆಗಾರರ ಇಲಾಖಾ ಪರೀಕ್ಷೆಯ ಮೇಲ್ವಿಚಾರಕರು ಗುಡುಗಿದ ರಭಸಕ್ಕೆ ಅವಳ ಪೆನ್ ಕೈಜಾರಿತು. ಅವರ ಒಂದು ಕೈ ಅವಳ ನಕ್ಷೆಯ ಮೇಲಿತ್ತು, ಇನ್ನೊಂದು ಪಕ್ಕದ ಮೇಜಿನವನ ನಕ್ಷೆಯ ಮೇಲೆ.

"ಇದೇನಿದು? ಎರಡರಲ್ಲೂ ಒಂದೇ ಬಾಣ!"

ಅವಳು ಬಗ್ಗಿ ನೋಡಿದಳು. ಹೌದು, ಒಂದೇ!

ನಕ್ಷೆಯ ಮೂಲೆಯಲ್ಲಿ ದಿಕ್ಕು ತೋರಿಸಲು ಬರೆಯುವ ಬಾಣ ಅದು. ತೆಳ್ಳಗಿನ ಕಡ್ಡಿ, ಎಡಭಾಗ ಮಾತ್ರ ಕಪ್ಪು ತುಂಬಿದ ತಲೆ, ಬಾಲಕ್ಕೆ ಮೂರು ಗೀಟು. ಸರ್ವೆ ಇಲಾಖೆಯಲ್ಲಿ ಒಬ್ಬೊಬ್ಬ ನಕ್ಷೆಗಾರನ ಬಾಣವೂ ಬೇರೆ ಬೇರೆ, ಸಹಿ ಇದ್ದ ಹಾಗೆ. ಹಾಗಿರುವಾಗ ತನ್ನ ಬಾಣ ಈ ಅಪರಿಚಿತನ ಹಾಳೆಗೆ ಹೇಗೆ ಹೋಯಿತು?!

"ಸರ್, ನಾನು ಕಾಪಿ ಹೊಡೆದಿಲ್ಲ! ಇವ್ರೇ ನನ್ನದು ನೋಡಿ ಬರೆದಿರ್ಬೇಕು! ನನಗಿದು ಮೂರನೇ ಸಲ ಸರ್, ಕೊನೇ ಸಲ... ಇವತ್ತು ಪಾಸಾಗ್ಲಿಲ್ಲ ಅಂದ್ರೆ ಕೆಲಸಾನೇ ಹೋಗುತ್ತೆ!"

ಪಕ್ಕದ ಮೇಜಿನವನು ಅವಳ ಹಾಳೆಯಲ್ಲಿದ್ದ ಅಕ್ಷರಗಳನ್ನು ನೋಡಿದ. ಆಮೇಲೆ ಅವಳ ಮುಖ. ಅವನ ಬಾಯಿ ತೆರೆದೇ ಉಳಿಯಿತು.

"ಹೌದು ಸರ್," ಎಂದ ಕೊನೆಗೆ. "ನಾನೇ ಇವರದ್ದು ನೋಡಿ ಬರೆದೆ."

ಅಬ್ಬಾ! ಒಪ್ಪಿಕೊಂಡೇಬಿಟ್ಟನಲ್ಲ!

"ನಾಚಿಕೆ ಆಗಲ್ವಾ ನಿಮಗೆ?" ಅವಳು ಕೂಗಿದಳು.

"ಕ್ಷಮಿಸಿ," ಎಂದು ತಲೆ ತಗ್ಗಿಸಿ ಅವನು ಹೊರಗೆ ನಡೆದ. ಅವಳು ಉಳಿದ ಗೆರೆಗಳನ್ನು ಮುಗಿಸಿದಳು.

ರಸ್ತೆ ದಾಟಿದರೆ ಅವಳ ಕಚೇರಿ. ಅಲ್ಲಿ ಅವಳು ಟ್ರೇಸರ್. ಭೂಮಿ ಅಳೆಯುವ ಕ್ಯಾಂಪುಗಳಿಂದ ಬಂದ ನಕ್ಷೆಯನ್ನು ಅಳತೆ ಪುಸ್ತಕದೊಂದಿಗೆ ತಾಳೆ ನೋಡಿ, ಮೇಲೆ ಪಾರದರ್ಶಕ ಹಾಳೆ ಹಾಸಿ, ಗೆರೆಗೆ ಗೆರೆ ಕೂಡಿಸಿ ಪ್ರತಿ ತೆಗೆಯುವುದೇ ಕೆಲಸ. ನಡೆದದ್ದನ್ನೆಲ್ಲ ಅವಳು ಒಂದೇ ಉಸಿರಿಗೆ ಹಿರಿಯ ನಕ್ಷೆಗಾರರಿಗೆ ಹೇಳಿದಳು. ಕಚೇರಿಗೆಲ್ಲ ಅವರು 'ತಾತ'.

ತಾತ ಕನ್ನಡಕ ತೆಗೆದರು. "ಅಯ್ಯೋ ಹುಚ್ಚಿ! ಗಡಿ ಕ್ಯಾಂಪಿನ ನಕ್ಷೆಗಳನ್ನ ಟ್ರೇಸ್ ಮಾಡೋದು ನೀನೇ ತಾನೆ? ಅದನ್ನ ಬರೆಯೋನು ಯಾರು ಅಂತ ಯಾವತ್ತಾದ್ರೂ ಕೇಳಿದ್ಯಾ?"

"ಇಲ್ಲ..."

"ಅವನೇ ಇವನು! ಇವತ್ತು ಪರೀಕ್ಷೆಗೆ ಬಂದಿದ್ದ. ಮೂರು ವರ್ಷ ಅವನ ಗೆರೆ ಮೇಲೇ ಕೈ ಆಡಿಸಿದ್ದೀಯ. ಅವನ ಬಾಣ ನಿನ್ನ ಕೈಗೆ ಅಂಟಿದೆ, ನಿನಗೇ ಗೊತ್ತಾಗಿಲ್ಲ ಅಷ್ಟೆ. ಕಾಪಿ ಅಂತ ದಾಖಲಾದ್ರೆ ಅವನು ಇನ್ನು ಐದು ವರ್ಷ ಪರೀಕ್ಷೆಗೆ ಕೂರೋ ಹಾಗಿಲ್ಲ ಮಗಳೇ."

ಇಷ್ಟು ಅಚ್ಚುಕಟ್ಟಾಗಿ ಬರೆಯುವವನು ಎಂಥವನಿರಬಹುದು ಎಂದು ಎಷ್ಟು ಮಧ್ಯಾಹ್ನ ಯೋಚಿಸಿಲ್ಲ ಅವಳು! ಅವನನ್ನೇ ಎಲ್ಲರೆದುರು ಕಳ್ಳ ಮಾಡಿದಳಲ್ಲ...

ಗಡಿ ಕ್ಯಾಂಪಿನ ಹಳೆಯ ನಕ್ಷೆಗಳ ಕಟ್ಟು ಎತ್ತಿಕೊಂಡು ಪರೀಕ್ಷಾ ಕೊಠಡಿಗೆ ಓಡಿದಳು.

ಮೇಲ್ವಿಚಾರಕರು ವರದಿ ಬರೆಯುತ್ತ ಕೂತಿದ್ದರು.

"ಸರ್, ಕಾಪಿ ಮಾಡಿದ್ದು ನಾನು!"

ಕೆಲಸ ಹೋದರೆ ಹೋಗಲಿ... ಮನಸ್ಸು ಗಟ್ಟಿ ಮಾಡಿಕೊಂಡಳು.

"ಏನಮ್ಮಾ ಹೇಳ್ತಿದ್ದೀರಿ?!"

"ಇವತ್ತಲ್ಲ ಸರ್, ಮೂರು ವರ್ಷದಿಂದ! ಬಾಣ ಅವರದ್ದು. ನೋಡಿ!"

ಮೇಲ್ವಿಚಾರಕರು ಹಳೆಯ ನಕ್ಷೆಗಳನ್ನು ನೋಡಿದರು. ನಂತರ ಇಬ್ಬರ ಉತ್ತರ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಅಳತೆಪಟ್ಟಿ ಹಿಡಿದರು.

"ನೀವು ಸೇತುವೆನ ಎಡಕ್ಕೆ ಜಾರಿಸಿದ್ದೀರಿ, ಅವನದ್ದು ಸರಿಯಾಗಿದೆ. ಅವನು ಒಂದು ಗಡಿಕಲ್ಲನ್ನೇ ನುಂಗಿದ್ದಾನೆ, ನಿಮ್ಮಲ್ಲಿದೆ. ನೋಡಿ ಬರೆದಿದ್ರೆ ತಪ್ಪೂ ಒಂದೇ ಇರ್ಬೇಕಿತ್ತು. ಮೊದಲೇ ನೋಡದೆ ನಾನೂ ದುಡುಕಿದೆ." ಅವರು ವರದಿಯನ್ನು ಹರಿದುಹಾಕಿದರು. "ಎರಡೂ ಹಾಳೆ ಮೌಲ್ಯಮಾಪನಕ್ಕೆ ಹೋಗುತ್ತೆ. ಪಾಸೋ ಫೇಲೋ, ನಿಮ್ಮ ನಿಮ್ಮ ಹಣೆಬರಹ. ವರದಿಗೆ ಸಹಿ ಹಾಕೋಕೆ ಆ ಮಹಾನುಭಾವ ಹೊರಗೆ ಕೂತಿದ್ದಾನೆ. ಮನೆಗೆ ಹೋಗು ಅನ್ನಿ!"

ಅವನು ಪಡಸಾಲೆಯ ಬೆಂಚಿನ ಮೇಲಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

"ವರದಿ ಹರಿದುಹಾಕಿದ್ರು. ನಿಮ್ಮ ಹಾಳೆನೂ ಮೌಲ್ಯಮಾಪನಕ್ಕೆ ಹೋಗುತ್ತೆ," ಎಂದಳು. "ಯಾಕ್ರೀ ಸುಳ್ಳು ಹೇಳಿದ್ರಿ? ಐದು ವರ್ಷ ಹೋಗ್ತಿತ್ತು! ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಆದ್ರೆ ನಿಮಗದು ಕೊನೇ ಸಲ ಅಂದ್ರಲ್ಲ... ಅಕ್ಷರ ನೋಡಿದ ತಕ್ಷಣ ನೀವ್ಯಾರು ಅಂತಾನೂ ಗೊತ್ತಾಯ್ತು. 'ಬಾವಿ ಬಿಟ್ಟಿದ್ದೀರಿ, ಕಣ್ಣೆಲ್ಲಿತ್ತು?' ಅಂತ ನನ್ನ ನಕ್ಷೆ ಅಂಚಲ್ಲಿ ಪೆನ್ಸಿಲಲ್ಲಿ ಬೈದು ವಾಪಸ್ ಕಳಿಸ್ತಿದ್ದೋರು ನೀವೇ ತಾನೆ?"

ಅವಳ ಮುಖ ಕೆಂಪೇರಿತು. "ನೀವು ಯಾವಾಗ್ಲೂ ಬಾವಿ ಬಿಡ್ತೀರಲ್ಲ!"

"ಮೊದಲನೇ ಸಲ ಮರೆತಿದ್ದು ನಿಜ." ಅವನು ತಲೆ ಕೆರೆದುಕೊಂಡ. "ಆಮೇಲಿಂದ... ಬೇಕಂತಲೇ."

"ಏನು?! ಸರ್ಕಾರಿ ನಕ್ಷೇಲಿ?!"

"ಎಲ್ಲಾ ಸರಿಯಿದ್ರೆ ನೀವು ಬರೀತಾನೇ ಇರ್ಲಿಲ್ವಲ್ಲ! ನೀವು ಬಿಡಲ್ಲ, ಹಿಡಿದೇ ಹಿಡೀತೀರಿ ಅನ್ನೋ ಧೈರ್ಯ."

ಅವಳು ಬೆರಗಾಗಿ ಅವನನ್ನೇ ನೋಡಿದಳು. ನಗು ಬಂತು, ಜೊತೆಗೆ ಅಳುವೂ.

"ಇನ್ಮೇಲೆ ಹಾಗೆಲ್ಲ ಮಾಡ್ಬೇಡಿ," ಎಂದಳು ಕಣ್ಣೊರೆಸಿಕೊಂಡು. "ಬೈಸ್ಕೋಬೇಕು ಅನ್ನಿಸಿದ್ರೆ ಎದುರಿಗೇ ಬನ್ನಿ."

"ದಿನಾ ಬಂದ್ರೆ?"

"ದಿನಾ ಬೈತೀನಿ."

"ಎಷ್ಟು ದಿನ?"

ಅವಳು ಅವನ ಕೈಬೆರಳಿಗೆ ಬೆರಳು ಸೇರಿಸಿದಳು.

"ಮುದುಕಿ ಆಗೋವರೆಗೂ!"