ಯುಡೆಲ್ಕಾಳ ಗುಂಗುರು ಕೂದಲು ಮತ್ತು ಒಂದು ಫ್ಲೆಕ್ಸ್

"ಇದು ಯಾರ ತಲೆ?"

ಯುಡೆಲ್ಕಾ ಫ್ಲೆಕ್ಸನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಫ್ಲೆಕ್ಸ್ ಅಂಗಡಿಯ ರಾದಾಮೆಸ್‌ನ ಕಾಫಿ ಕೀಬೋರ್ಡಿನ ಮೇಲೆ ಚೆಲ್ಲಿತು.

ಅವನು ಗಾಬರಿಯಿಂದ ಎದ್ದು ನಿಂತ. ಎದುರಿಗೆ ಕೆಂಡದಂಥ ಕಣ್ಣುಗಳ ಹೆಣ್ಣು. ಹೆಗಲವರೆಗೆ ಹರಡಿದ್ದ ಗುಂಗುರು ಕೂದಲೂ ಅವಳ ಜೊತೆ ಜಗಳಕ್ಕೆ ಬಂದಂತಿತ್ತು!

"ನಿಮ್ಮದೇ ಅಲ್ವಾ ಮೇಡಂ? ನೀವೇ ಕಳಿಸಿದ ಫೋಟೊ..."

"ಮುಖ ನನ್ನದು. ಕೂದಲು ಯಾರದ್ದು?"

ಫ್ಲೆಕ್ಸಿನಲ್ಲಿ ನಗುತ್ತಿದ್ದ ಯುಡೆಲ್ಕಾಳ ಕೂದಲು ಇಸ್ತ್ರಿ ಮಾಡಿದ ರೇಷ್ಮೆಯಂತೆ ನೇರವಾಗಿ ಇಳಿದಿತ್ತು. ಕೆಳಗೆ ದಪ್ಪ ಅಕ್ಷರಗಳಲ್ಲಿ, 'ದೇವರು ಕೊಟ್ಟ ಕೂದಲು, ಹಾಗೇ ಚೆಂದ' ಎಂದಿತ್ತು.

"ಓ, ಅದಾ... ಸ್ವಲ್ಪ ಸರಿ ಮಾಡ್ದೆ. ಪಾರ್ಲರ್ ಫ್ಲೆಕ್ಸ್ ಅಂದ್ರೆ ಎಲ್ರೂ ಅದನ್ನೇ ಕೇಳ್ತಾರೆ. ಫೋಟೊ ದಿನ ನಿಮಗೆ ಕೂದಲು ನೇರ ಮಾಡಿಸ್ಕೊಳ್ಳೋಕೆ ಟೈಮ್ ಆಗಿಲ್ವೇನೋ ಅಂದ್ಕೊಂಡೆ."

ಉಪಕಾರ ಮಾಡಿದವನಂತೆ ನಕ್ಕ. ಆ ನಗು ಬೆಂಕಿಗೆ ತುಪ್ಪ ಸುರಿದಂತಾಯಿತು.

"ಕೆಳಗೆ ಬರೆದಿರೋದನ್ನ ಓದಿದ್ರಾ?"

"ಅಕ್ಷರ ತಪ್ಪಿದ್ಯಾ ಅಂತ ನೋಡಿದೆ... ಅರ್ಥ ನೋಡ್ಲಿಲ್ಲ."

ಅಯ್ಯೋ! ಈ ಮನುಷ್ಯನಿಗೆ ಹೇಗೆ ಹೇಳುವುದು?

ಆರು ವರ್ಷದ ಹಿಂದೆ ಅವಳು ಕೆಲಸಕ್ಕಿದ್ದ ಬ್ಯಾಂಕಿನ ಮ್ಯಾನೇಜರ್, "ಕೌಂಟರಿನಲ್ಲಿ ಕೂರಬೇಕಾದರೆ ಆ ಕೆಟ್ಟ ಕೂದಲನ್ನು ನೇರ ಮಾಡಿಸಿಕೊಂಡು ಬಾ" ಎಂದಿದ್ದಳು. ಯುಡೆಲ್ಕಾ ಮರುದಿನದಿಂದ ಹೋಗಲಿಲ್ಲ. ಲೋಸ್ ಮಿನಾ ಬಡಾವಣೆಯ ಬೀದಿಯಲ್ಲಿ ಎರಡು ಕುರ್ಚಿ ಹಾಕಿ ಪಾರ್ಲರ್ ತೆರೆದಳು. ಅಲ್ಲಿ ಬಿಸಿ ಇಸ್ತ್ರಿ ಇಲ್ಲ, ಕೂದಲು ನೇರ ಮಾಡುವ ಕ್ರೀಮೂ ಇಲ್ಲ. ಇಡೀ ಸಾಂತೊ ದೊಮಿಂಗೊ ನಗರದಲ್ಲಿ ಶನಿವಾರ ಬಂದರೆ ಡ್ರೈಯರ್ ಶಬ್ದ ಕೇಳದ ಪಾರ್ಲರ್ ಅದೊಂದೇ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಮದುಮಗಳು ಬಂದು ಕಾಲು ಹಿಡಿದರೂ ಅವಳು ಒಪ್ಪಲಿಲ್ಲ. ವಾರಕ್ಕೊಂದು ವಿಡಿಯೋ ಹಾಕಿ, ಪ್ರತಿ ಸಲವೂ ಫ್ಲೆಕ್ಸಿನಲ್ಲಿದ್ದ ಅದೇ ಮಾತು ಹೇಳಿದಳು. ಹಾಗೆ ಹೇಳಿದ್ದನ್ನೇ ಮಾಡುತ್ತಾ ಕಟ್ಟಿದ ಹೆಸರು ಅದು.

"ನಿಮ್ಮವರು ಬೆಳಿಗ್ಗೆ ಆರಕ್ಕೇ ಪಾರ್ಲರ್ ಮುಂದೆ ಇದನ್ನ ಕಟ್ಟಿ ಹೋಗಿದ್ದಾರೆ. ನಾನು ಒಂಬತ್ತಕ್ಕೆ ಬಂದೆ. ಅಷ್ಟರಲ್ಲಿ ಇಡೀ ಬೀದಿ ಫೋಟೊ ಹೊಡೆದು ಹಂಚಿತ್ತು! 'ನಮಗೆ ಉಪದೇಶ ಮಾಡೋಳು ತಾನು ನೇರ ಮಾಡಿಸ್ಕೋತಾಳೆ' ಅಂತ ಆಡ್ಕೋತಿದ್ದಾರೆ. ತಪ್ಪು ನಿಮ್ಮದು ಅಂತ ಎಲ್ರ ಮುಂದೆ ಹೇಳಿ."

ರಾದಾಮೆಸ್ ತಲೆಯ ಮೇಲಿದ್ದ ತನ್ನ ಬೋರ್ಡು ನೋಡಿದ. 'ನಿಮ್ಮನ್ನು ಇನ್ನಷ್ಟು ಚೆಂದ ಮಾಡುತ್ತೇವೆ.'

"ಹೊಸದು ಪುಕ್ಕಟೆ ಮಾಡ್ಕೊಡ್ತೀನಿ. ಆದ್ರೆ ಎಲ್ರ ಮುಂದೆ ಅಂದ್ರೆ... ನನ್ನ ಅಂಗಡಿ ಹೆಸರೂ ಇದೆ ಅಲ್ವಾ?"

"ಇದೆಯಾ? ನಿಮಗೂ ಹೆಸರಿದೆಯಾ?"

ಅವಳು ಫ್ಲೆಕ್ಸನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಆ ವಾರ ಒಂಬತ್ತು ಜನ ಗಿರಾಕಿಗಳು ಇನ್ನು ಬರುವುದಿಲ್ಲವೆಂದರು. ಎರಡು ಬಸ್ಸು ಬದಲಿಸಿ ಬರುತ್ತಿದ್ದ ನರ್ಸ್ ಒಬ್ಬಳು ಫೋನಿನಲ್ಲಿ ಇಷ್ಟೇ ಹೇಳಿದಳು: "ನಿಮ್ಮನ್ನ ನೋಡಿ ನಾನೂ ಕೂದಲು ಹಾಗೇ ಬಿಟ್ಟೆ, ಅದಕ್ಕೆ ಆಸ್ಪತ್ರೇಲಿ ಎಲ್ರ ಹತ್ರ ಜಗಳ ಆಡಿದ್ದೆ, ಯುಡೆಲ್ಕಾ."

ಅದು ಚುಚ್ಚಿತು. ಎಷ್ಟು ವಿವರಿಸಿದರೂ ಯಾರು ನಂಬುತ್ತಾರೆ?

ಶನಿವಾರ ಮಧ್ಯಾಹ್ನ ರಾದಾಮೆಸ್ ಪಾರ್ಲರಿನ ಬಾಗಿಲಲ್ಲಿ ನಿಂತಿದ್ದ. ಒಳಗಿದ್ದವರು ನಾಲ್ಕೇ ಹೆಂಗಸರು, ಆದರೆ ಗದ್ದಲ ನಲವತ್ತು ಜನರದ್ದು.

"ಬಾರಪ್ಪ ಕ್ಷೌರಿಕ!" ತಲೆಗೆ ಪ್ಲಾಸ್ಟಿಕ್ ಟೋಪಿ ಹಾಕಿ ಕೂತಿದ್ದ ಮುದುಕಿ ದೋನ್ಯಾ ಸುನಿಲ್ಡಾ ಕೂಗಿದಳು. "ಫ್ಲೆಕ್ಸಲ್ಲಿ ನನ್ನ ಸೊಂಟಾನೂ ಸಣ್ಣ ಮಾಡ್ತೀಯಾ?"

"ಅಷ್ಟು ದೊಡ್ಡ ಫ್ಲೆಕ್ಸ್ ಅವನ ಹತ್ರ ಇಲ್ಲ ಬಿಡಿ!" ಎಂದಳು ಪಕ್ಕದವಳು.

ರಾದಾಮೆಸ್ ನಗಲಿಲ್ಲ. ಫೋನ್ ತೆಗೆದು ಯುಡೆಲ್ಕಾಳ ಮುಂದೆ ಹಿಡಿದ. ಅವನ ಅಂಗಡಿಯ ಬೋರ್ಡು ಕೆಳಗಿಳಿದಿತ್ತು. ಅಲ್ಲಿ ಹೊಸ ಫ್ಲೆಕ್ಸ್: 'ಯುಡೆಲ್ಕಾಳ ಕೂದಲನ್ನು ನೇರ ಮಾಡಿದ್ದು ನಾನು. ಅವಳನ್ನು ಕೇಳಲಿಲ್ಲ.'

ಅವಳು ಅದನ್ನು ಜೋರಾಗಿ ಓದಿದಳು. ಆಮೇಲೆ...

"ಇದನ್ನ ಹಾಕೋಕೆ ಮುಂಚೆ ಆದ್ರೂ ನನ್ನನ್ನ ಕೇಳಿದ್ರಾ?" ಯುಡೆಲ್ಕಾ ಸಿಡಿದಳು. "ಮತ್ತೆ ನನ್ನ ಹೆಸರು, ಮತ್ತೆ ಕೇಳದೆ!"

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ... ಹೌದಲ್ಲ."

ಸುನಿಲ್ಡಾ ಹೊಟ್ಟೆ ಹಿಡಿದು ನಕ್ಕಳು. "ಇವನಿಗೆ ಬುದ್ಧಿ ಕಂತಿನಲ್ಲಿ ಬರುತ್ತೆ ಕಣೇ!"

ಯುಡೆಲ್ಕಾ ಅವನನ್ನು ಹಿಂದಿನ ಅಂಗಳಕ್ಕೆ ಎಳೆದೊಯ್ದಳು. ತೊಳೆದ ಟವೆಲುಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು.

"ಯಾಕೆ ಹಾಕಿದ್ರಿ? ಹೆಸರು ಹೋಗುತ್ತೆ ಅಂದಿದ್ರಲ್ಲ?"

"ಹೋಯ್ತು. ಮೂರು ಮದುವೆ ಫೋಟೊ ಕೆಲಸ ಹೋಯ್ತು." ಅವನು ತಲೆ ತಗ್ಗಿಸಿದ. "ನಿಮ್ಮ ಸುರುಳಿಗಳನ್ನ ಒಂದೊಂದಾಗಿ ಅಳಿಸಿದ್ದು ನಾನೇ. ನಾಲ್ಕು ಗಂಟೆ ಹಿಡೀತು. ಅಳಿಸ್ತಾ ಅಳಿಸ್ತಾ, ಮುಂಚೆನೇ ಚೆನ್ನಾಗಿತ್ತಲ್ಲ ಅನ್ನಿಸ್ತು. ಆದ್ರೂ ನಿಲ್ಲಿಸ್ಲಿಲ್ಲ. ಹನ್ನೆರಡು ವರ್ಷದಿಂದ ಅದೇ ಮಾಡ್ತಿದ್ದೀನಿ. ನೀವು ಬೈದ ದಿನದಿಂದ ಇನ್ನೊಬ್ಬರ ಫೋಟೊ ಮುಟ್ಟೋಕೆ ಆಗ್ತಿಲ್ಲ... ನಿಮ್ಮ ಮುಖವೇ ಕಣ್ಮುಂದೆ ಬರುತ್ತೆ, ಯುಡೆಲ್ಕಾ."

ಅವಳು ಟವೆಲೊಂದರ ತುದಿ ಹಿಡಿದುಕೊಂಡಳು. ಇವನು ಇಷ್ಟು ಹೇಳಿದ. ನಾನು?

"ನಂದೂ ಒಂದು ಸುಳ್ಳಿದೆ," ಎಂದಳು ಕೊನೆಗೆ. "ಆವತ್ತು ಬೀದಿಯಲ್ಲಿ ನಿಂತು ಆ ಫ್ಲೆಕ್ಸ್ ನೋಡಿದಾಗ... ಮೊದಲು ಬಂದದ್ದು ಸಿಟ್ಟಲ್ಲ. 'ಅಬ್ಬಾ, ಎಷ್ಟು ಚೆಂದ ಕಾಣ್ತೀನಿ' ಅನ್ನಿಸ್ತು. ಆರು ವರ್ಷ ಊರಿಗೆಲ್ಲ ಹೇಳಿದ ಮೇಲೂ! ನಿಮ್ಮ ಮೇಲೆ ಕೂಗಾಡಿದ್ದರಲ್ಲಿ ಅರ್ಧ ನನ್ನ ಮೇಲಿನ ಸಿಟ್ಟು."

ಅವನು ಸಮಾಧಾನದ ಮಾತು ಹುಡುಕಲಿಲ್ಲ. ಅದು ಅವಳಿಗೆ ಹಿಡಿಸಿತು.

"ಈ ವಾರದ ವಿಡಿಯೋ ಇನ್ನೂ ಮಾಡಿಲ್ಲ," ಎಂದಳು. "ಇದನ್ನೇ ಹೇಳ್ತೀನಿ. ಫೋನ್ ಹಿಡಿತೀರಾ?"

"ಇದನ್ನ ಹೇಳಿದ್ರೆ ಉಳಿದವರೂ ಹೋಗಬಹುದು."

"ಹೋಗ್ಲಿ. ಸುಳ್ಳು ಹೇಳಿ ಹೆಸರು ಉಳಿಸ್ಕೊಳ್ಳೋದಾದ್ರೆ ಆ ಬ್ಯಾಂಕಿನ ಕೌಂಟರಲ್ಲೇ ಕೂತಿರ್ತಿದ್ದೆ!"

ಅವಳು ಟವೆಲುಗಳ ಮುಂದೆ ನಿಂತು ಮಾತಾಡಿದಳು. ಕಟ್ಟಿದ ಮಾತಲ್ಲ. ಎರಡು ಸಲ ತಡವರಿಸಿದಳು, ಒಂದು ಸಲ ಅತ್ತಳು, ಕೊನೆಗೆ ಬೈದಳು... ಬ್ಯಾಂಕನ್ನು, ಬೀದಿಯನ್ನು, ತನ್ನನ್ನು. "ಒಂದು ಕ್ಷಣ ನಾನೂ ಜಾರಿದೆ. ಆದ್ರೆ ನಿಮ್ಮ ತಲೆ ಮೇಲೆ ಇಸ್ತ್ರಿ ಇಡಲ್ಲ. ಬರೋರು ಬನ್ನಿ."

ವಿಡಿಯೋ ಹೋದ ಸ್ವಲ್ಪ ಹೊತ್ತಿಗೆ ಆ ನರ್ಸಿನ ಸಂದೇಶ ಬಂತು: 'ನನಗೂ ಹಾಗೇ ಅನ್ನಿಸುತ್ತೆ, ದಿನಾ ಬೆಳಿಗ್ಗೆ. ಮಂಗಳವಾರ ಬರ್ತೀನಿ.'

ಯುಡೆಲ್ಕಾ ಅದನ್ನು ಮೂರು ಸಲ ಓದಿದಳು. ರಾದಾಮೆಸ್ ವಿಡಿಯೋವನ್ನೇ ಮತ್ತೆ ನೋಡುತ್ತಿದ್ದ.

"ನಿಮ್ಮ ಕಣ್ಣು ಕೆಂಪಾಗಿ ಕಾಣ್ತಿದೆ," ಎಂದ ಮೆಲ್ಲಗೆ.

"ಇರ್ಲಿ. ಸರಿ ಮಾಡೋಕೆ ಹೋದ್ರೆ ಕೈ ಮುರೀತೀನಿ!"

"ಮುರೀಬೇಡಿ..." ಅವನು ಕೈ ಚಾಚಿದ. "ಹಿಡ್ಕೊಳ್ಳಿ."

ಅವಳು ಹಿಡಿದುಕೊಂಡಳು, ಬಿಗಿಯಾಗಿ.

"ನನಗೆ ಸಿಟ್ಟು ಇನ್ನೂ ಇದೆ, ರಾದಾಮೆಸ್."

"ಗೊತ್ತು. ಅದನ್ನೂ ನಾನು ಅಳಿಸಲ್ಲ."