ಗ್ರಿಪ್ಪಿನೊಳಗಿನ ನೀಲಿ

ಗ್ಯಾರೇಜಿನ ಬೋರ್ಡಿನ ಮೇಲಿದ್ದ ಅವಳ ಹೆಸರನ್ನು ಅಣ್ಣ ನಿನ್ನೆ ಅಳಿಸಿ ಹಾಕಿಸಿದ. ಹದಿನಾಲ್ಕು ವರ್ಷದಿಂದ ಅಲ್ಲಿ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದವಳು ಅವಳು. ಅಣ್ಣ ಕುರ್ಚಿಯಲ್ಲಿ ಕೂರುತ್ತಿದ್ದ. ಅವಳು ಚಿಕ್ಕಮ್ಮನ ಮನೆಗೆ ಹೋಗಿದ್ದ ದಿನವನ್ನೇ ನೋಡಿ ಈ ಕೆಲಸ ಮುಗಿಸಿದ್ದ.

ಬೆಳಿಗ್ಗೆ ಮೊದಲು ಬಂದವನು ಬೋರ್ಡು ಬರೆಯುವ ಪೇಂಟರ್. ಬಂದ ಎನ್ನುವುದಕ್ಕಿಂತ ನುಗ್ಗಿದ. ಹಳೇ ಟೈರುಗಳ ರಾಶಿಗೆ ಗುದ್ದಿ ನಿಂತ ಮೇಲೂ ಬೈಕು ಕಿರುಚುತ್ತಲೇ ಇತ್ತು. ಅವಳೇ ಕೈ ಚಾಚಿ ಕೀ ತಿರುಗಿಸಿದಳು.

"ಬಾಗಿಲು ಈ ಕಡೆ ಇದೆ, ಪೇಂಟರ್."

"ಮೇಸ್ತ್ರಿ! ನೀವು... ಇಲ್ಲೇ ಇದೀರಾ?"

"ಇನ್ನೆಲ್ಲಿರಲಿ? ಗಾಡಿಗೇನಾಯ್ತು?"

"ಎಕ್ಸಿಲೇಟರ್ ಹಿಡ್ಕೊಂಡ್‌ಬಿಟ್ಟಿದೆ. ಕೈ ಬಿಟ್ರೂ ವಾಪಸ್ ಬರ್ತಿಲ್ಲ."

"ಅದಕ್ಕೆ ಇಷ್ಟೊಂದು ನಗುನಾ?"

ತಾನು ನಗುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ.

ಎರಡು ವರ್ಷದಿಂದ ಆ ಬೈಕಿಗೆ ಇಲ್ಲದ ಕಾಯಿಲೆಗಳನ್ನೆಲ್ಲ ಹೇಳಿಕೊಂಡು ಬರುತ್ತಿದ್ದ. ಒಮ್ಮೆ ಹಾರ್ನಿಗೆ ನೆಗಡಿ ಎಂದಿದ್ದ. ಇವತ್ತಿನದು ಮಾತ್ರ ನಿಜವಾದ ಕಾಯಿಲೆ.

ಅವಳು ಎರಡು ಸ್ಕ್ರೂ ಬಿಚ್ಚಿ, ಕೇಬಲ್ಲಿನ ತುದಿ ಬಿಡಿಸಿ, ಗ್ರಿಪ್ಪನ್ನು ಒಳಗಿನ ಕೊಳವೆಯ ಸಮೇತ ಹ್ಯಾಂಡಲಿನಿಂದ ಎಳೆದಳು. ಸಂದಿಯಲ್ಲಿ ಪೇಂಟು ಒಣಗಿ ಗಟ್ಟಿಯಾಗಿತ್ತು. ನೀಲಿ. ತಲೆ ಎತ್ತಿ ನೋಡಿದಳು. ಬೋರ್ಡಿನಲ್ಲಿ ಹೆಸರಿದ್ದ ಜಾಗವನ್ನು ಮುಚ್ಚಿದ್ದೂ ಅದೇ ನೀಲಿ.

"ನೀವಾ?"

ಅವನ ನಗು ಆರಿತು.

"ನೀವು ಕೆಲಸ ಬಿಟ್ರಿ, ಇನ್ಮೇಲೆ ಬರಲ್ಲ ಅಂದ್ರು ನಿಮ್ಮಣ್ಣ. ಹೆಸರು ತೆಗಿ, ನಾಳೆ ಬಂದು ನಂದು ಬರಿ ಅಂದ್ರು. ತೆಗೆದೆ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದೇ." ತನ್ನ ಅಂಗೈ ನೋಡಿಕೊಂಡು ಹೇಳಿದ, "ಕೈ ಒರೆಸ್ಕೊಳ್ದೆ ಗಾಡಿ ಹತ್ತಿಬಿಟ್ಟೆ. ಈ ಕಸುಬಿಗೆ ಬಂದ್ಮೇಲೆ ಹಸಿ ಪೇಂಟಿನ ಕೈಯಲ್ಲಿ ಏನನ್ನೂ ಮುಟ್ಟಿದವನಲ್ಲ ನಾನು."

"ನಿನ್ನೆ ಏನಾಗಿತ್ತು?"

"ಇನ್ನು ಹಾರ್ನಿನ ನೆಗಡಿ ಯಾರಿಗೆ ಹೇಳ್ಲಿ ಅಂತ ಯೋಚನೆ."

ಅವಳು ಅವನನ್ನು ನೋಡಿದಳು. ಅವನ ಎಡಗಣ್ಣಿನ ರೆಪ್ಪೆಯ ಮೇಲೂ ಒಂದು ಚುಕ್ಕೆ ನೀಲಿ ಇತ್ತು. ಬೈಯಲು ಕೂಡಿಟ್ಟುಕೊಂಡಿದ್ದ ಮಾತು ಆ ಚುಕ್ಕೆಯ ಬಳಿ ಬಂದು ನಿಂತುಬಿಟ್ಟಿತು.

"ತಿನ್ನರ್ ಇದ್ಯಾ ಚೀಲದಲ್ಲಿ? ಕೊಡಿ. ಸುಮ್ನೆ ನಿಲ್ಬೇಡಿ, ಒರೆಸಿ."

ಒಬ್ಬರು ಕೊಳವೆಯನ್ನು, ಇನ್ನೊಬ್ಬರು ಹ್ಯಾಂಡಲನ್ನು ಒರೆಸಿದರು. ಬಟ್ಟೆ ಒಂದೇ ಇತ್ತು, ಕೈಯಿಂದ ಕೈಗೆ ಹೋಗಿ ಬರುತ್ತಿತ್ತು. ಬೆರಳುಗಳು ಆಗಾಗ ತಗುಲಿದವು. ಯಾರೂ ಇನ್ನೊಂದು ಬಟ್ಟೆ ಹುಡುಕಲಿಲ್ಲ.

ತೆಳ್ಳಗೆ ಗ್ರೀಸ್ ಸವರಿ ಎಲ್ಲವನ್ನೂ ಮರಳಿ ಜೋಡಿಸಿದಳು. ಅವನ ಕೈಯನ್ನು ಗ್ರಿಪ್ಪಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು ತಿರುಗಿಸಿದಳು.

"ಈಗ ಕೈ ಬಿಡಿ."

ಟಕ್ ಎಂದು ಗ್ರಿಪ್ಪು ಸ್ವಸ್ಥಾನಕ್ಕೆ ಮರಳಿತು. ಮೊದಲ ಸಲಕ್ಕೇ ಸರಿಯಾಗಿತ್ತು. ಆದರೂ ಐದು ಸಲ ನೋಡಿದರು.

ಆರನೆಯ ಸಲಕ್ಕೆ ಅಣ್ಣ ಬಂದ.

"ಏಯ್ ಪೇಂಟರ್, ಏಣಿ ಅಲ್ಲಿದೆ. ನನ್ನ ಹೆಸರು ಬರೆಯೋಕೆ ಕರೆದಿದ್ದು, ಸರಸಕ್ಕಲ್ಲ."

"ಅಲ್ಲಿ ಮೇಸ್ತ್ರಿ ಹೆಸರು ಬರೀತೀನಿ, ಅಣ್ಣ. ನಿಮ್ಮದು ಬೇಕಿದ್ರೆ ಕುರ್ಚಿ ಮೇಲೆ ಬರ್ಕೊಡ್ತೀನಿ."

ಅಣ್ಣನ ಮುಖ ಕೆಂಪೇರಿತು. ಅವನು ತಂಗಿಯ ಕಡೆ ತಿರುಗಿದ.

"ಈ ಗ್ಯಾರೇಜು ನಂದು. ಆ ಬೋರ್ಡಿನ ಆಸೆ ಬಿಡು. ಮೊದಲು ಅವನ ಕೈ ಬಿಡು."

ಅವಳು ಬೋರ್ಡಿನ ಕಡೆ ನೋಡಿದಳು. ಗ್ರಿಪ್ಪಿನ ಮೇಲೆ ಒಂದರ ಮೇಲೊಂದಿದ್ದ ಎರಡು ಕೈಗಳನ್ನು ನೋಡಿದಳು.

"ಎರಡೂ ಬಿಡಲ್ಲ, ಅಣ್ಣಾ."